ಕುಂದ್ರತೈತಿ ಬಿಡ್ರಿ

ನನ್ನ ಹೆಂಡತಿ ಇದ್ದ ಕೊನೆಯ ಭಾನುವಾರ ನಾವಿಬ್ಬರೂ ಮಸ್ಕಿಯ ಮನೆಯ ಪಡಸಾಲೆಯಲ್ಲಿ ಕುಳಿತು, ಸಿಂಧನೂರಿಗೆ ಮನೆ ಬದಲಾಯಿಸುವ ಲೆಕ್ಕ ಹಾಕುತ್ತಿದ್ದೆವು. ಅಲ್ಲಿ ಮಗಳ ಕಾಲೇಜಿನ ಹತ್ತಿರದ ಓಣಿಯಲ್ಲಿ ಬಾಡಿಗೆ ಇಲ್ಲಿಯ ಎರಡರಷ್ಟು. ನನ್ನ ಪಗಾರ ಸಾಲದೆಂದು ನಾನು ಪೆನ್ನು ಕೆಳಗಿಟ್ಟೆ. ಆಕೆ, ಬೀಗರಿಗೆ ಜಾಗ ತೋರಿಸುವ ಹಾಗೆ ಅಂಗೈಯಿಂದ ನೆಲ ತಟ್ಟಿ, "ಕುಂದ್ರತೈತಿ ಬಿಡ್ರಿ" ಎಂದಳು. ಯಾವ ಖರ್ಚು ಬಂದರೂ ಆಕೆಯದು ಇದೇ ಮಾತು.

"ಹ್ಯಾಂಗ ಕುಂದ್ರತೈತಿ?"

"ಅದು ನೆಲ್ಲಿನ ಸೀಮಿ, ಅಕ್ಕಿ ಸೋವಿ. ಜ್ವಾಳ ಬಿಟ್ಟು ಎರಡೂ ಹೊತ್ತು ಅನ್ನ ಉಣ್ಣೂಣು."

"ರೊಟ್ಟಿ ಇಲ್ದ ನನಗ ಉಂಡಂಗ ಆಗಂಗಿಲ್ಲ."

"ಮಗಳು ದಿನಾ ಬಸ್ಸಿನ್ಯಾಗ ನಿಂತು ಹೋಗ್ತಾಳಲ್ರೀ, ಅಕಿ ಕಾಲು ನೋಯಂಗಿಲ್ಲೇನು? ನಿಮ್ಮ ಹೊಟ್ಟಿಗೆ ನಾ ಬುದ್ಧಿ ಹೇಳ್ತೀನಿ, ಸುಮ್ನಿರ್ರಿ."

ನಾನು ನಕ್ಕು ಒಪ್ಪಿದೆ. ಲೆಕ್ಕದ ಚೀಟಿಯಲ್ಲಿ ಜೋಳದ ಸಾಲಿನ ಮೇಲೆ ಆಕೆಯೇ ಗೀಟು ಎಳೆದಳು. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವಳು ಮತ್ತೆ ಏಳಲಿಲ್ಲ.

ಆಕೆ ಹಾಕಿದ ಲೆಕ್ಕ ತಪ್ಪಿರಲಿಲ್ಲ. ನಾನೂ ಮಗಳೂ ಈಗ ಸಿಂಧನೂರಿನಲ್ಲಿದ್ದೇವೆ. ಮಗಳು ಕಾಲೇಜಿಗೆ ನಡೆದೇ ಹೋಗುತ್ತಾಳೆ. ಈ ಮನೆಯನ್ನು ನನ್ನ ಹೆಂಡತಿ ಒಮ್ಮೆಯೂ ನೋಡಲಿಲ್ಲ.