ಸೂಲಗಿತ್ತಿಯಿಲ್ಲದ ಕ್ರಿಸ್ಮಸ್

ಆ ಕ್ರಿಸ್ಮಸ್ ೧೯೫೬ರದು ಎಂದು ನಾನು ತೀರ್ಮಾನಿಸಿದ್ದೇನೆ. ಅಕ್ಕ ಅದರ ಮರುವರ್ಷದ್ದೆನ್ನುತ್ತಾಳೆ. ತಾಳಿಕೋಟೆಗೂ ಮುದ್ದೇಬಿಹಾಳಕ್ಕೂ ನಡುವಿನ ನಮ್ಮ ಹಳ್ಳಿಯಲ್ಲಿ ಚರ್ಚು ಎಂದರೆ ಮಣ್ಣಿನ ಮಾಳಿಗೆಯ ಒಂದೇ ಕೋಣೆ. ವಾರದ ದಿನಗಳಲ್ಲಿ ಅದೇ ಶಾಲೆ. ೧೯೫೬ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ಗೋಡೆಯ ಹಳೆಯ ನಕಾಶೆಯನ್ನು ಇಳಿಸಿದರು. ಖಾಲಿ ಉಳಿದ ಮೊಳೆಗೆ ಆ ಕ್ರಿಸ್ಮಸ್ಸಿನಲ್ಲಿ, ಜೋಳದ ದಂಟಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ ನಕ್ಷತ್ರವನ್ನು ನಾನೇ ತೂಗುಹಾಕಿದೆ. ಹೊಸ ನಕಾಶೆ ಯಾವಾಗ ಬಂತೆಂಬುದಕ್ಕೆ ಆಧಾರ ದೊರೆಯದ ಕಾರಣ ಅಕ್ಕನ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾರೆ. ಉಳಿದದ್ದರ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಪ್ರತಿ ವರ್ಷ ಕ್ರಿಸ್ಮಸ್ ದಿನದ ಮಧ್ಯಾಹ್ನ ಮಕ್ಕಳ ಕಾರ್ಯಕ್ರಮ ನಡೆಯುತ್ತಿತ್ತು. ಹಾಡು, ಬಾಯಿಪಾಠ, ಕಂಬಳಿ ಹೊದ್ದ ಕುರುಬರ ವೇಷ ಎಲ್ಲ ಮುಗಿದ ಮೇಲೆ ಆಯಿಯ ಸರದಿ. ಆಯಿ ಎಂದು ಊರೆಲ್ಲ ಕರೆಯುತ್ತಿದ್ದ ಆಕೆ ನಮ್ಮ ಸಭೆಯ ಹಿರಿಯಳು, ಓದು ಬಾರದವಳು, ಊರಿನ ಸೂಲಗಿತ್ತಿ. ನನ್ನ ಹೆರಿಗೆಯನ್ನು ಮಾಡಿಸಿದವಳೂ ಆಕೆಯೇ. ಖಾಲಿ ತೊಟ್ಟಿಲೊಂದರ ಮುಂದೆ ಕುಳಿತು ಆಕೆ ಯೇಸುಸ್ವಾಮಿ ಹುಟ್ಟಿದ ಕತೆ ಹೇಳುತ್ತಿದ್ದಳು. ಅದನ್ನು ಕೇಳಲೆಂದೇ ಒಕ್ಕಲಿಗರ ಮನೆಯ ಹೆಂಗಸರೂ ಮುಸಲ್ಮಾನರ ಮನೆಯವರೂ ಬಾಗಿಲಲ್ಲಿ ಗುಂಪುಗೂಡುತ್ತಿದ್ದರು. ಅವರ ಮಕ್ಕಳೂ ಆಕೆಯ ಕೈಯಲ್ಲೇ ಹುಟ್ಟಿದವರು.

ಆಯಿಯ ಕತೆಯಲ್ಲಿ ಧರ್ಮಶಾಲೆಯಲ್ಲಿ ಜಾಗ ಸಿಗದೆ ಮರಿಯಮ್ಮ ದನದ ಕೊಟ್ಟಿಗೆಗೆ ಬರುತ್ತಾಳೆ. ನೋವು ಶುರುವಾಗುತ್ತದೆ. ಗಂಡ ಗುರುತಿಲ್ಲದ ಊರಿನಲ್ಲಿ ಮನೆ ಮನೆಯ ಬಾಗಿಲು ಬಡಿದು ಸೂಲಗಿತ್ತಿಯನ್ನು ಹುಡುಕುತ್ತಾನೆ. ಕಡೆಗೆ ಒಬ್ಬ ಮುದುಕಿ ಕುಡುಗೋಲು, ಹರಳೆಣ್ಣೆ ಹಿಡಿದು ಓಡಿಬರುತ್ತಾಳೆ. "ಹೆದರಬ್ಯಾಡ ನನ್ನವ್ವಾ, ನಾ ಬಂದೇನಿ" ಎಂದು ಆಯಿ ತೊಟ್ಟಿಲ ಮೇಲೆ ಬಾಗಿದಾಗ ಬಾಗಿಲಲ್ಲಿದ್ದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಆ ವರ್ಷ ನಾನು ಐದನೆಯ ಇಯತ್ತೆಯಲ್ಲಿದ್ದೆ. ಜನನದ ಅಧ್ಯಾಯವನ್ನು ಒಂದಕ್ಷರ ತಪ್ಪದೆ ಒಪ್ಪಿಸಿ, ಅಂದು ಬಂದಿದ್ದ ಪಾದ್ರಿಯವರಿಂದ ಶಹಬ್ಬಾಸ್ ಎನಿಸಿಕೊಂಡಿದ್ದೆ. ಇನ್ನೊಂದು ಶಹಬ್ಬಾಸ್ ಬೇಕೆನಿಸಿತು. ಆಯಿಯ ಕತೆಯಲ್ಲಿ ಮುದುಕಿ ಕೊಟ್ಟಿಗೆಯ ಬಾಗಿಲಿಗೆ ಬರುವಷ್ಟರಲ್ಲಿ ಎದ್ದು ನಿಂತೆ.

"ಆಯಿ, ಸೂಲಗಿತ್ತಿ ಬಂದ್ಳಂತ ಪುಸ್ತಕದಾಗ ಇಲ್ಲ."

ಆಯಿ ನಕ್ಕಳು. "ಇಲ್ಲಂದ್ರ? ಮತ್ತ ಹೊಕ್ಕಳಬಳ್ಳಿ ಯಾರ ಕೊಯ್ದ್ರ ಮಗಳ? ನೀ ಹೋಗಿದ್ದೇನ?"

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. "ಯಾರೂ ಇಲ್ಲ. ನಾ ಮೂರ ಸಲ ಓದೇನಿ."

"ಅಯ್ಯ ಇಕಿನ! ನಿನ್ನ ಭೂಮಿಗಿ ತಂದಾಕಿಗೇ ಹಡಿಯೂದ ಕಲಸ್ತೀ?" ಎಂದಳು ಬಾಗಿಲಲ್ಲಿದ್ದ ಒಬ್ಬಾಕೆ.

ಆದರೆ ಆಯಿಯ ನಗು ನಿಂತಿತ್ತು. ಆಕೆ ಪಾದ್ರಿಯವರತ್ತ ತಿರುಗಿದಳು. "ಹೌದೇನ್ರಿ ಅಯ್ಯನವ್ರ? ಆಕಿ ಇಲ್ಲೇನ್ರಿ ಪುಸ್ತಕದಾಗ?"

ಅವರು ಮೆತ್ತಗಿನ ಮನುಷ್ಯ. "ಬರದಿಲ್ಲವ್ವಾ, ಖರೆ. ಇರವಲ್ದ್ಯಾಕ, ನೀ ಮುಂದ ಹೇಳು."

"ಬರದಿಲ್ಲಂದ್ರ ಹೆಂಗ ಹೇಳ್ಲಿರಿ? ದೇವರ ಪುಸ್ತಕಕ್ಕ ನಾ ಸುಳ್ಳ ಹಚ್ಚಿದಂಗಾತು."

ತಲೆಯ ಮೇಲೆ ಸೆರಗೆಳೆದುಕೊಂಡು ಆಯಿ ಎದ್ದಳು. ಕೂಸು ಹುಟ್ಟಲೇ ಇಲ್ಲ. ಗೋಧಿ ಹುಗ್ಗಿ ಬಡಿಸಿದರು; ಪಾದ್ರಿಯವರು ಕೊಟ್ಟ ಬಣ್ಣದ ಚಿತ್ರದ ಚೀಟಿಯನ್ನು ಹಿಡಿದು ನಾನು ಮನೆಗೆ ಬಂದೆ. ಮುಂದಿನ ವರ್ಷ ಎಲ್ಲರೂ ಒತ್ತಾಯಿಸಿದರು. ಆಯಿ, "ಓದಿದ ಹುಡುಗ್ರು ಹೇಳ್ತಾವ, ಕೇಳ್ರಿ" ಎಂದು ಗೋಡೆಗೆ ಒರಗಿ ಕುಳಿತೇ ಇದ್ದಳು. ಬಾಗಿಲಲ್ಲಿ ಹೆಂಗಸರ ಗುಂಪು ಅರ್ಧವಾಗಿತ್ತು.

ದಾಖಲೆಯಲ್ಲಿಲ್ಲ ಎನ್ನುವುದಕ್ಕೂ ನಡೆದೇ ಇಲ್ಲ ಎನ್ನುವುದಕ್ಕೂ ಇರುವ ಅಂತರವನ್ನು ಮುಂದೆ ಇತಿಹಾಸದ ಅಧ್ಯಾಪಕಿಯಾಗಿ ನಾನು ನನ್ನ ವಿದ್ಯಾರ್ಥಿಗಳಿಗೆ ದಶಕಗಳ ಕಾಲ ವಿವರಿಸಿದ್ದೇನೆ. ಹೇಳುವಾಗಲೆಲ್ಲ ಆ ಖಾಲಿ ತೊಟ್ಟಿಲು ಕಣ್ಣ ಮುಂದಿರುತ್ತಿತ್ತು. ಯಾರಿಗೂ ಅದರ ಸಂಗತಿ ಹೇಳಲಿಲ್ಲ.

ಆ ಕ್ರಿಸ್ಮಸ್ಸಿಗೇ ಮುಗಿದಿದ್ದರೆ ಮಗುವಿನ ತಿಳಿಗೇಡಿತನವೆಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಏಳನೆಯ ಇಯತ್ತೆಯಲ್ಲಿ, ಪ್ರಾಥಮಿಕ ಶಾಲೆಯ ಕೊನೆಯದಾದ ಮುಲ್ಕಿ ಪರೀಕ್ಷೆಯ ಅರ್ಜಿ ತುಂಬುವಾಗ ಮಾಸ್ತರರು, "ನಿನ್ನ ಜನ್ಮತಾರೀಖ ಅಂದಾಜಿಂದು. ಖರೇದ್ದು ಮನ್ಯಾಗ ಕೇಳ್ಕೊಂಡ ಬಾ" ಎಂದರು. ಅವ್ವನಿಗೆ ಗೊತ್ತಿದ್ದದ್ದು ಇಷ್ಟೇ: ಆಗ ಹೊಲದಲ್ಲಿ ಬಿಳಿಜೋಳ ಹಾಲುಗಾಳಾಗಿತ್ತು.

"ಆಯಿಗಿ ಗೊತ್ತೈತಿ. ಯಾರ ಕೂಸು ಯಾವ ದಿನಾ ಅಂತ ಆಕಿ ಬೆರಳ ಮ್ಯಾಲ ಹೇಳ್ತಾಳ. ಹೋಗಿ ಕೇಳ," ಎಂದಳು ಅವ್ವ.

ಹೋದೆ. ಆಯಿ ಹೊಸ್ತಿಲಲ್ಲಿ ಕುಳಿತು ಅಜವಾನ ಹಸನು ಮಾಡುತ್ತಿದ್ದಳು. ತಲೆ ಎತ್ತಿ, "ಏನ ಬೇಕಾಗಿತ್ತ ಮಗಳ?" ಎಂದಳು. ದನಿಯಲ್ಲಿ ಮುನಿಸಿರಲಿಲ್ಲ. ಎಲ್ಲರೆದುರು ನಾನು ಸುಳ್ಳಾಗಿಸಿದ ಬಾಯಿಯಿಂದಲೇ ನನ್ನ ಹುಟ್ಟಿನ ದಿನವನ್ನು ಕೇಳಲು ನನಗೆ ನಾಲಿಗೆ ಏಳಲಿಲ್ಲ.

"ಏನಿಲ್ಲ ಆಯಿ," ಎಂದು ತಿರುಗಿ ಬಂದೆ. ಅವ್ವನಿಗೆ, "ಆಯಿಗಿ ನೆನಪಿಲ್ಲಂತ" ಎಂದೆ.

"ಆಕಿಗಿ ನೆನಪಿಲ್ಲ?" ಅವ್ವ ನನ್ನ ಮುಖ ನೋಡಿದಳು. "ಪಾಪ, ವಯಸ್ಸಾತ ಬಿಡು."

ಆ ಮಾತನ್ನು ಅವ್ವ ಬಾವಿಕಟ್ಟೆಯಲ್ಲಿ ಮರುಕದಿಂದಲೇ ಹೇಳಿದಳು. ಆಯಿಯ ನೆನಪು ಕೆಟ್ಟಿದೆಯೆಂದು ಊರು ನಂಬಿತು. ಆ ಮೇಲೆ ಎಷ್ಟು ಮನೆಗಳು ಆಕೆಯನ್ನು ಹೆರಿಗೆಗೆ ಕರೆಯುವುದನ್ನು ಬಿಟ್ಟವೋ ನಾನು ವಿಚಾರಿಸಲಿಲ್ಲ. ನಾನು ಪದವಿ ಮುಗಿಸುವ ಮೊದಲೇ ಆಯಿ ತೀರಿಕೊಂಡಳು.

ನಿವೃತ್ತಿಯ ನಂತರ ಚರ್ಚಿನ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ಹುಡುಕಿಸಿ ನೋಡಿದೆ. ನನ್ನ ಹೆಸರಿದೆ, ದೀಕ್ಷಾಸ್ನಾನದ ದಿನವಿದೆ. ಹುಟ್ಟಿದ ದಿನದ ಅಂಕಣ ಖಾಲಿ. ನನ್ನ ಎಲ್ಲ ಪ್ರಮಾಣಪತ್ರಗಳಲ್ಲಿ ಇರುವುದು ಮಾಸ್ತರರು ಅಂದಾಜಿಗೆ ಬರೆದ ಜೂನ್ ಒಂದು. ಹೊಲದಲ್ಲಿ ಒಂದು ಜೋಳದ ದಂಟೂ ಇಲ್ಲದ ಕಾಲ. ಪ್ರತಿ ವರ್ಷ ಅಂದು ಹಳೆಯ ಶಿಷ್ಯರು ಶುಭಾಶಯ ಹೇಳುತ್ತಾರೆ. ಅವರ ಪ್ರಬಂಧಗಳಲ್ಲಿ ಒಂದು ತಾರೀಖು ತಪ್ಪಿದರೂ ಕೆಂಪು ಗೆರೆ ಎಳೆಯುತ್ತಿದ್ದ ನಾನು ಇದನ್ನು ತಿದ್ದುವುದಿಲ್ಲ.