ಟಿವಿಯಲ್ಲಿ ನಾನು ಹೇಳಿದ ಸಾಕ್ಷಿ

ನನ್ನ ತಂಗಿಯ ಕೊರಳ ಮೇಲೆ ಬೆರಳಿನ ಗುರುತುಗಳಿದ್ದವು. ನಾನು ನೋಡಿದ್ದೆ. ನೋಡಿಲ್ಲವೆಂದು ಕೋರ್ಟಿನಲ್ಲಿ ಹೇಳಿದೆ. ವರ್ಷಗಳಾದ ಮೇಲೆ ಟಿವಿಯವರು ಬಂದು ಕೇಳಿದಾಗ, ನೋಡಿದ್ದೇನೆಂದೇ ಕೋರ್ಟಿನಲ್ಲಿ ಹೇಳಿದ್ದೆ ಎಂದೆ. ಎರಡೂ ಸುಳ್ಳು. ಮೊದಲನೆಯ ಸುಳ್ಳಿನಿಂದ ಒಬ್ಬ ಬಿಡುಗಡೆಯಾದ. ಎರಡನೆಯದರಿಂದ, ಏನೂ ತಪ್ಪು ಮಾಡದ ಒಬ್ಬ ಹೆಂಗಸು ಜನರ ಬಾಯಿಗೆ ಬಿದ್ದರು.

ನೀವು ಆ ಚಿತ್ರ ನೋಡಿರಬಹುದು. ಥಿಯೇಟರಿಗೆ ಬಂದದ್ದಲ್ಲ, ಟಿವಿಗೆಂದೇ ಮಾಡಿದ್ದು. ಎರಡು ಭಾನುವಾರ ತೋರಿಸಿದರು. ಬಹುಪಾಲು ಕೋರ್ಟಿನೊಳಗೇ ನಡೆಯುವ ಕಥೆ. ಮನೆಯ ಮುಂದಿನ ನೀರಿನ ಸಂಪಿನಲ್ಲಿ ಹೆಣವಾಗಿ ಸಿಕ್ಕ ಹೊಸ ಮದುವಣಗಿತ್ತಿ, ಕಟಕಟೆಯಲ್ಲಿ ಅವಳ ಗಂಡ, ಸಾಕ್ಷಿ ಹೇಳಲು ಬಂದ ಅಕ್ಕ. ಹೆಸರುಗಳನ್ನೆಲ್ಲ ಬದಲಾಯಿಸಿದ್ದರು. ಆದರೂ ನಮ್ಮ ಹುಣಸಮಾರನಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು — ಅದು ನಮ್ಮ ವಿಜಿಯ ಕೇಸು, ಆ ಅಕ್ಕ ನಾನು, ಬ್ಲೌಸ್ ಹೊಲಿಯುವ ಭಾಗ್ಯ.

ಆ ಚಿತ್ರದಲ್ಲಿ ಇಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ.

ವಿಜಿ ನನಗಿಂತ ತುಂಬ ಚಿಕ್ಕವಳು. ಅಪ್ಪ ಹೋದ ಮೇಲೆ ಅವಳ ವಿಷಯದಲ್ಲಿ ಅಮ್ಮ ಎಲ್ಲವನ್ನೂ ನನ್ನ ಮೇಲೆ ಬಿಟ್ಟಿದ್ದಳು. ವೈಶಾಖದಲ್ಲಿ ಮದುವೆ ಮಾಡಿದೆವು. ಗಂಡನ ಮನೆ ಆರ್.ಟಿ. ನಗರದ ಕಡೆ. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಮನೆಯಲ್ಲಿ ಇರಬಾರದೆಂದು ಪದ್ಧತಿಯಂತೆ ಅವಳನ್ನು ತವರಿಗೆ ಕರೆತಂದೆವು. ಬಂದ ವಾರದಲ್ಲೇ ತಲೆಗೆ ಎಣ್ಣೆ ಹಚ್ಚಿ ನೀರು ಹಾಕೋಣವೆಂದು ಬಚ್ಚಲಿಗೆ ಕರೆದೆ. ಸೆರಗನ್ನು ಕೊರಳಿಗೆ ಸುತ್ತಿಕೊಂಡೇ ನಿಂತಿದ್ದಳು. ನಾನು ಗದರಿದ ಮೇಲೆ ತೆಗೆದಳು. ಕಿವಿಯ ಕೆಳಗೆ, ಒಂದು ಕಡೆ ಒಂದು, ಇನ್ನೊಂದು ಕಡೆ ನಾಲ್ಕು — ನೇರಳೆ ಹಣ್ಣು ಹಿಸುಕಿದ ಹಾಗೆ.

“ಸಿಟ್ಟು ಬಂದ್ರೆ ಅವರ ಕೈ ಇಲ್ಲಿಗೇ ಬರುತ್ತೆ ಕಣಕ್ಕ,” ಎಂದಳು. “ಅಮ್ಮಂಗೆ ಹೇಳ್ಬೇಡ.”

ನಾನು ಹೇಳಲಿಲ್ಲ. ಹೇಳದೆ ಇದ್ದದ್ದಷ್ಟೇ ಅಲ್ಲ. ಅವತ್ತೇ ಅಳತೆ ತೆಗೆದುಕೊಂಡು ಅವಳಿಗೆ ಕಾಲರ್ ಇಟ್ಟ ಬ್ಲೌಸುಗಳನ್ನು ಹೊಲಿದುಕೊಟ್ಟೆ. ಅಷ್ಟು ಚೆನ್ನಾಗಿ ಕಾಲರ್ ಕೂರಿಸಿದ್ದು ನನ್ನ ಕೆಲಸದಲ್ಲೇ ಅಪರೂಪ. ಅಮ್ಮ ನೋಡಿ ನಕ್ಕಳು. “ಏನವ್ವ ಇದು, ಟೀಚರಮ್ಮ ಆಗ್ಬುಟ್ಟಾ? ಇಂಗೆ ಕತ್ತು ಮುಚ್ಕಂಡ್ರೆ ಕಟ್ಟಿಸ್ಕಂಡಿರೋ ತಾಳಿ ಯಾರಿಗವ್ವ ಕಾಣ್ಬೇಕು?” ನಾವು ಮೂವರೂ ನಕ್ಕೆವು. ವಿಜಿಯೂ ನಕ್ಕಳು.

ಆಷಾಢ ಮುಗಿಯುವ ಹೊತ್ತಿಗೆ ನೇರಳೆ ಬಣ್ಣ ಹಳದಿಯಾಗಿ, ಹಳದಿಯೂ ಹೋಯಿತು. ಗುರುತು ಮಾಸಿದ ಹಾಗೆ ನನ್ನ ಭಯವೂ ಮಾಸುತ್ತ ಬಂತು. ಇದನ್ನು ಬರೆಯುವಾಗ ನನಗೇ ನಂಬಿಕೆ ಬರುವುದಿಲ್ಲ, ಆದರೆ ಆದದ್ದು ಹಾಗೆಯೇ. ಭೀಮನ ಅಮಾವಾಸ್ಯೆಗೆ ಗಂಡ ಬಂದ. ಅವಳು ಅವನ ಪಾದ ತೊಳೆದು ಪೂಜೆ ಮಾಡಿದಳು. ಅವನು ತಲೆ ತಗ್ಗಿಸಿ ಊಟ ಮಾಡಿದ, ಅಮ್ಮನಿಗೆ ಕೈ ಮುಗಿದ. ಎಷ್ಟು ಸಾಧು ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಮಾರನೆಯ ದಿನ ಅಡುಗೆಮನೆಯಲ್ಲಿ ವಿಜಿ ನನ್ನ ಕೈ ಹಿಡಿದುಕೊಂಡಳು.

“ಅಕ್ಕ, ಗೌರಿ ಹಬ್ಬದವರೆಗೆ ಇಲ್ಲೇ ಇರ್ತೀನಿ. ಏನಾದ್ರೂ ನೆಪ ಹೇಳಿ ನಿಲ್ಲಿಸ್ಕೋ.”

“ಶ್ರಾವಣ ಬಂದ್ಮೇಲೂ ಇಟ್ಕೊಂಡ್ರೆ ಜನ ಏನಂತಾರೆ ವಿಜಿ? ಮೊದಲನೇ ವರ್ಷ ಎಲ್ಲರಿಗೂ ಹಿಂಗೇ. ಸರಿಹೋಗುತ್ತೆ, ಹೋಗು.”

ಮಡಿಲಕ್ಕಿ ಕಟ್ಟಿದವಳು ನಾನೇ. ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊಂಬು — ಎಲ್ಲ ಸರಿಯಾಗಿಟ್ಟು ಸೆರಗು ಬಿಗಿದು ಆಟೋ ಹತ್ತಿಸಿದೆ. ಗೌರಿ ಹಬ್ಬಕ್ಕೆ ಅವಳಿಗೆ ಬಾಗಿನ ಕಳಿಸಲು ಮೊರಗಳನ್ನು ತಂದಿಟ್ಟಿದ್ದೆವು. ಹಬ್ಬಕ್ಕೆ ಮೊದಲೇ ಸುದ್ದಿ ಬಂತು. ನೀರು ಸೇದಲು ಹೋಗಿ ಸಂಪಿನೊಳಗೆ ಬಿದ್ದಳೆಂದು ಗಂಡ ಹೇಳಿದ. ಪೊಲೀಸರು ಅದನ್ನು ಕೊಲೆಯೆಂದರು. ಪುಪ್ಪುಸದಲ್ಲಿ ನೀರಿತ್ತು, ಬಿದ್ದಿರಲೂಬಹುದು, ತಳ್ಳಿರಲೂಬಹುದು ಎಂದರು ಡಾಕ್ಟರು. ಹಾಗಾಗಿ ಕೇಸು ನಿಂತದ್ದು ಒಂದೇ ಮಾತಿನ ಮೇಲೆ — ಅವನು ಅದಕ್ಕೆ ಮೊದಲು ಅವಳ ಕೊರಳಿಗೆ ಕೈ ಹಾಕಿದ್ದನೆ? ಕಂಡವರು ಯಾರು? ಕಂಡವಳು ನಾನೊಬ್ಬಳೇ. ಪೊಲೀಸರಿಗೆ ಹೇಳಿದ್ದೆ. ಅಮ್ಮನಿಗೆ ಮಾತ್ರ, ವಿಜಿ ಸಾಯುವುದಕ್ಕೆ ಮೊದಲೇ ನನಗೆ ತಿಳಿದಿತ್ತೆಂದು — ಅದನ್ನು ಹೇಳಲು ಬಾಯಿ ಬರಲಿಲ್ಲ.

ಕೇಸು ವಿಚಾರಣೆಗೆ ಬರುವಷ್ಟರಲ್ಲಿ ಕೆಲವು ವರ್ಷಗಳೇ ಕಳೆದಿದ್ದವು. ನಮ್ಮ ಪರ ಇದ್ದ ಸರ್ಕಾರಿ ವಕೀಲರು ಹೆಂಗಸು. ಅವರ ಹೆಸರು ಬರೆಯುವುದಿಲ್ಲ, ಮೇಡಂ ಎಂದೇ ಕರೆಯುತ್ತೇನೆ. ಯಾವಾಗಲೂ ಕೈಯಲ್ಲಿ ಒಂದು ಸ್ಟೀಲ್ ಫ್ಲಾಸ್ಕ್. ಸಾಕ್ಷಿ ಹೇಳುವ ದಿನ ಕಾರಿಡಾರಿನಲ್ಲಿ ನನಗೆ ಅದರಿಂದಲೇ ಬಿಸಿನೀರು ಕೊಟ್ಟು, “ಕಂಡದ್ದನ್ನ ಕಂಡ ಹಾಗೆ ಹೇಳಿ ಭಾಗ್ಯಮ್ಮ, ಅಷ್ಟೇ ಸಾಕು,” ಎಂದರು. ಅಮ್ಮ ಬಂದಿರಲಿಲ್ಲ. ಅವಳ ಮಂಡಿನೋವು ನನಗೆ ಒಳ್ಳೆಯದೇ ಆಗಿತ್ತು.

ಮೇಡಂ ಕೇಳಿದಾಗ ಸರಿಯಾಗಿಯೇ ಹೇಳಿದೆ. ಗುರುತು, ಬಚ್ಚಲು, ಅವಳಾಡಿದ ಮಾತು. ಆಮೇಲೆ ಅವನ ಕಡೆಯ ವಕೀಲರು ಎದ್ದರು. ಜೋರು ಮಾಡುತ್ತಾರೆಂದುಕೊಂಡಿದ್ದೆ. ಇಲ್ಲ, ತುಂಬ ಮೆತ್ತಗೆ ಕೇಳಿದರು.

“ಗುರುತು ನೋಡಿದ ಮೇಲೂ ನೀವೇ ಮಡಿಲಕ್ಕಿ ಕಟ್ಟಿ, ಅದೇ ಗಂಡನ ಮನೆಗೆ ಕಳಿಸಿದ್ರಿ. ಒಡಹುಟ್ಟಿದ ಅಕ್ಕ ಹಾಗೆ ಮಾಡ್ತಾಳೇನಮ್ಮ? ಮಾಡಲ್ಲ. ಅಂದ್ರೆ ಗುರುತೇ ಇರಲಿಲ್ಲ. ಅಲ್ವಾ?”

ನನ್ನ ಮುಂದೆ ಎರಡೇ ಬಾಗಿಲು. ಒಂದರಲ್ಲಿ, ಗೊತ್ತಿದ್ದೂ ತಂಗಿಯನ್ನು ಕಳಿಸಿದ ಅಕ್ಕ. ಇನ್ನೊಂದರಲ್ಲಿ, ಏನೂ ಗೊತ್ತಿಲ್ಲದ ಅಕ್ಕ. ಕೋರ್ಟಿನ ತುಂಬ ಜನ ನನ್ನನ್ನೇ ನೋಡುತ್ತಿದ್ದರು.

“ಇರಲಿಲ್ಲ,” ಎಂದೆ.

ಮೇಡಂ ತಕ್ಷಣ ಎದ್ದರು. ಇನ್ನೊಮ್ಮೆ ಕೇಳಲು ಜಡ್ಜರ ಅನುಮತಿ ಪಡೆದು ನನ್ನ ಹತ್ತಿರ ಬಂದರು. “ಭಾಗ್ಯಮ್ಮ, ಗಾಬರಿ ಬೇಡ. ನಿಧಾನಕ್ಕೆ ಯೋಚನೆ ಮಾಡಿ ಹೇಳಿ. ನೋಡಿದ್ರಾ, ಇಲ್ವಾ?” ಅವರ ಕಣ್ಣು ನನ್ನ ಮೇಲೇ ಇತ್ತು. ಬಾಗಿಲನ್ನು ಅವರು ಮತ್ತೆ ತೆರೆದು ಹಿಡಿದಿದ್ದರು. ನಾನು ಎರಡನೇ ಸಲವೂ ಇಲ್ಲವೆಂದೆ. ಟೈಪಾದದ್ದನ್ನು ಓದಿ ಹೇಳಿದರು. ಸರಿ ಇದೆಯೆಂದು ಸಹಿ ಹಾಕಿದೆ.

ಅವನು ಬಿಡುಗಡೆಯಾದ. ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅಮ್ಮ ಕಾರಣ ಕೇಳಿದಾಗ, ಸಾಕ್ಷಿ ಸಾಲಲಿಲ್ಲವಂತೆ ಎಂದೆ. ಅದು ಸುಳ್ಳಲ್ಲ — ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಹೀಗೇ ಇದ್ದುಬಿಡುತ್ತಿತ್ತೇನೋ. ಅಷ್ಟರಲ್ಲಿ ಟಿವಿಯಿಂದ ಅನುಷಾ ಎಂಬ ಹುಡುಗಿ ಬಂದಳು. ಚಿತ್ರದ ಕಥೆ ಬರೆಯುವವಳು. ಅವರೆಕಾಯಿಯ ಕಾಲ. ಅಮ್ಮ ಹೊಸ್ತಿಲ ಬಳಿ ಕೂತು ಕಾಯಿ ಬಿಡಿಸುತ್ತಿದ್ದಳು. ಅನುಷಾ ತೀರ್ಪು ಓದಿಕೊಂಡೇ ಬಂದಿದ್ದಳು.

“ಅಕ್ಕಾ, ಒಂದು ಡೌಟು. ಮೊದಲು ಗುರುತು ನೋಡಿದೆ ಅಂದ್ರಿ, ಆಮೇಲೆ ಇರಲಿಲ್ಲ ಅಂದ್ರಿ ಅಂತ ಇದೆ. ಇದರಲ್ಲಿ ನಿಜ ಯಾವುದು?”

ಅಮ್ಮನ ಕೈ ನಿಂತಿತು. ಮೊರದಲ್ಲಿ ಕಾಳು ಬೀಳುವ ಸದ್ದಿಲ್ಲ.

“ನಾನು ಹೇಳಿದ್ದೆ ಕಣಮ್ಮ,” ಎಂದೆ. “ನೋಡಿದೆ ಅಂತ ಕೊನೇವರೆಗೂ ಹೇಳ್ದೆ. ಅವರು ತಪ್ಪಾಗಿ ಬರ್ಕೊಂಡ್ರು. ನಮ್ ಲಾಯರ್ ಮೇಡಂ ಮೊಬೈಲ್ ನೋಡ್ಕೊಂಡು ಕೂತಿದ್ರು. ಎದ್ದು ಒಂದ್ ಮಾತು ಕೇಳ್ಲಿಲ್ಲ.”

ಯಾಕೆ ಮೊಬೈಲು ಎಂದೆ, ಗೊತ್ತಿಲ್ಲ. ಅಮ್ಮನಿಗೆ ಕೇಳಿಸಲೆಂದು ಹೇಳಿದ ಸುಳ್ಳಿಗೆ ಒಬ್ಬರು ತಪ್ಪಿತಸ್ಥರು ಬೇಕಾಗಿತ್ತು. ಅವರೇ ನೆನಪಿಗೆ ಬಂದರು. ನೋಡಲು ಹೇಗಿದ್ದರೆಂದು ಹುಡುಗಿ ಕೇಳಿದಾಗ ಫ್ಲಾಸ್ಕಿನ ವಿಷಯವನ್ನೂ ಹೇಳಿದೆ. ಅವಳಿಗೆ ಖುಷಿಯಾಯಿತು. ಅಮ್ಮ ಮತ್ತೆ ಕಾಯಿ ಬಿಡಿಸಲು ಶುರು ಮಾಡಿದಳು, ಮೊದಲಿಗಿಂತ ಬೇಗ ಬೇಗ.

ಚಿತ್ರದಲ್ಲಿ ನಾನು ಕಟಕಟೆಯ ಕಂಬಿ ಹಿಡಿದು, “ಹೌದು ಸ್ವಾಮಿ, ಕಳಿಸಿದವಳು ನಾನೇ! ಆದ್ರೆ ಕೊಂದವನು ಅವನು!” ಎಂದು ಕೂಗುತ್ತೇನೆ. ಎಷ್ಟು ಸುಲಭದ ಮಾತು. ಹತ್ತು ಪದವೂ ಇಲ್ಲ. ಆಚೆ ಕಡೆ, ಫ್ಲಾಸ್ಕಿನ ವಕೀಲೆ ಮೇಜಿನ ಕೆಳಗೆ ಮೊಬೈಲಿನಲ್ಲಿ ಸೀರೆ ನೋಡುತ್ತಿದ್ದಾಳೆ.

ಮಾರನೆಯ ದಿನದಿಂದ ನನ್ನ ಮಿಷನ್ನಿನ ಮುಂದೆ ಜನವೋ ಜನ.

“ಭಾಗ್ಯಕ್ಕಾ, ಜಡ್ಜಿಗೇ ಬೆವರಿಳಿಸ್ಬಿಟ್ರಲ್ಲ! ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಿ.”

“ನಿಮಗಿಂತ ಅವಳು ಸ್ವಲ್ಪ ಬೆಳ್ಳಗಿದಾಳೆ ಬಿಡಿ, ಬ್ಲೌಸ್ ಮಾತ್ರ ನೀವೇ ಹೊಲಿದಿದ್ರೆ ಚೆನ್ನಾಗಿರ್ತಿತ್ತು.”

ನಕ್ಕೆ. ತಿದ್ದಲಿಲ್ಲ. ನಿಜ ಹೇಳುತ್ತೇನೆ — ಆ ಹೊಗಳಿಕೆ ಒಂದೆರಡು ದಿನ ಹಿತವಾಗಿಯೂ ಇತ್ತು.

ಅಮ್ಮ ಆ ದೃಶ್ಯ ನೋಡಿ ನನ್ನನ್ನು ಹತ್ತಿರ ಕರೆದಳು. ಆಮೇಲೆ ನನ್ನ ತಲೆ ಸವರಿ, “ನೀನು ಏಳ್ದಲ್ಲ ಮಗಾ. ಅಷ್ಟು ಜನದ ಮುಂದೆ ನಿಂತ್ಕಂಡು ಏಳ್ದಲ್ಲ. ನಮ್ ಕೈಲಿ ಆಗೋದು ನಾವ್ ಮಾಡುದ್ವಿ, ಸಾಕು ಬಿಡು,” ಎಂದಳು. ಗೊತ್ತಿದ್ದೂ ಯಾಕೆ ಕಳಿಸಿದೆ ಎಂದು ಕೇಳಲೇ ಇಲ್ಲ. ಕಟಕಟೆಯ ಆ ಕೂಗು ಎಲ್ಲವನ್ನೂ ತೊಳೆದುಬಿಟ್ಟಿತ್ತು. ಅಂದಿನಿಂದ ಅವಳ ಶಾಪವೆಲ್ಲ ಮೇಡಂಗೆ. ಸಂಜೆ ದೀಪ ಹಚ್ಚಿದರೆ ವಿಜಿಯ ಫೋಟೋದ ಮುಂದೆ ನಿಂತು, “ಆ ಲಾಯರಮ್ಮಂಗೆ ನೆಮ್ದಿ ಕೊಡಬ್ಯಾಡಪ್ಪ ದೇವ್ರೇ,” ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೈ ಮುಗಿದು ನಿಂತಿರುತ್ತಿದ್ದೆ.

ವಿದ್ಯಾರಣ್ಯಪುರದಿಂದ ಸೀರೆಗೆ ಫಾಲ್ಸ್ ಹಾಕಿಸಲು ಬರುವ ಒಬ್ಬಾಕೆ ಒಂದು ದಿನ ಹೇಳಿದಳು: “ನಿಮ್ ಕೇಸಿನ ಆ ಲಾಯರು ರಿಟೈರಾಗಿ ನಮ್ ರೋಡಲ್ಲೇ ಇರೋದು ಕಣ್ರೀ. ಗೇಟ್ ಮೇಲೆ ಯಾರೋ ಕೆಟ್ಟ ಮಾತು ಬರೆದು ಹೋಗಿದಾರೆ. ಮೊಮ್ಮಗಳನ್ನ ಸ್ಕೂಲ್ ವ್ಯಾನಲ್ಲಿ ಮಕ್ಕಳು ಫ್ಲಾಸ್ಕ್ ಫ್ಲಾಸ್ಕ್ ಅಂತ ರೇಗಿಸ್ತಾವಂತೆ. ಆಗ್ಬೇಕು ಬಿಡಿ.”

ಆವತ್ತೇ ಹೇಳಬೇಕಿತ್ತು. ಅಮ್ಮ ಇರುವವರೆಗೆ ಬೇಡ ಎಂದುಕೊಂಡೆ. ಅಮ್ಮನ ನೆಮ್ಮದಿಗಾಗಿ — ಎಂದುಕೊಳ್ಳುವುದು ಸುಲಭವಾಗಿತ್ತು. ನಿಜಕ್ಕೂ ಕಾಯುತ್ತಿದ್ದದ್ದು, ಅವಳ ಮುಖ ನೋಡುವ ಪ್ರಸಂಗ ತಪ್ಪಲಿ ಎಂದು. ಹೆತ್ತ ತಾಯಿ ಹೋಗಲೆಂದು ಕಾದೆನೆ? ಹಾಗೆ ಬರೆದು ನೋಡಿದರೆ —

ಅಮ್ಮ ಕಳೆದ ತಿಂಗಳು ತೀರಿಕೊಂಡಳು. ಕೊನೆಯ ದಿನಗಳಲ್ಲೂ ನನ್ನನ್ನು ಬಂದವರಿಗೆ ತೋರಿಸಿ, “ನನ್ ದೊಡ್ ಮಗ್ಳು ಧೈರ್ಯಸ್ತೆ,” ಎನ್ನುತ್ತಿದ್ದಳು.

ತಿಥಿ ಮುಗಿಸಿ, ಬಸ್ಸು ಹತ್ತಿ ವಿದ್ಯಾರಣ್ಯಪುರಕ್ಕೆ ಹೋದೆ. ಗೇಟಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ಮೇಡಂ ಬಾಗಿಲು ತೆರೆದು ಒಂದು ಕ್ಷಣ ನೋಡಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ಬನ್ನಿ ಭಾಗ್ಯಮ್ಮ.”

ಹೆಸರು ಮರೆತಿರಲಿಲ್ಲ. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ — ಗುರುತು ಇತ್ತು, ನಾನು ನೋಡಿದ್ದೆ, ನೀವು ಎರಡನೇ ಸಲ ಕೇಳಿದಿರಿ, ನಿಮ್ಮ ಕೈಯಲ್ಲಿ ಮೊಬೈಲ್ ಇರಲಿಲ್ಲ. ಹೇಳುತ್ತ ಹೇಳುತ್ತ ಕಾಲು ಹಿಡಿಯಲು ಬಗ್ಗಿದೆ. ಅವರು ಹಿಂದೆ ಸರಿದರು.

“ಇದೆಲ್ಲ ನನಗೆ ಗೊತ್ತಿರೋದೇ ಅಲ್ವಾ?” ಎಂದರು. ದನಿ ಏರಿರಲಿಲ್ಲ. “ನಾನಲ್ಲೇ ಇದ್ದೆನಲ್ಲ. ಗೊತ್ತಿರೋಳಿಗೇ ಹೇಳೋದಕ್ಕೆ ಬಸ್ ಹತ್ತಿ ಬಂದ್ರಾ? ಗೊತ್ತಿಲ್ಲದೋರಿಗೆ ಹೇಳಿ, ಹೋಗಿ.”

ಕ್ಷಮಿಸಿದೆನೆಂದು ಅವರು ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಅನುಷಾಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, “ಅಕ್ಕಾ, ಪ್ರಸಾರ ಆಗೋಯ್ತಲ್ಲ, ಈಗ ನಾನೇನು ಮಾಡ್ಲಿ?” ಎಂದಳು. ಹೌದು, ಅವಳೇನು ಮಾಡಿಯಾಳು. ತಂಗಿಯ ಗಂಡ ಮತ್ತೆ ಮದುವೆಯಾಗಿ ಎಲ್ಲೋ ಇದ್ದಾನೆ. ಒಮ್ಮೆ ಬಿಡುಗಡೆಯಾದವನನ್ನು ಅದೇ ಕೊಲೆಗೆ ಮತ್ತೆ ವಿಚಾರಿಸುವುದಿಲ್ಲವಂತೆ. ಆ ಚಿತ್ರ ಈಗಲೂ ಜನರ ಮೊಬೈಲುಗಳಲ್ಲಿ ಓಡುತ್ತಿದೆ. ಅದರಲ್ಲಿ ನಾನು ಕೂಗುತ್ತಲೇ ಇದ್ದೇನೆ, ಮೇಡಂ ತಲೆ ತಗ್ಗಿಸಿಕೊಂಡೇ ಇದ್ದಾರೆ. ಅದನ್ನು ನಿಲ್ಲಿಸಲು ನನ್ನ ಕೈಲಿ ಆಗುವುದಿಲ್ಲ.

ನಾಳೆ ಮಿಷನ್ನಿನ ಮುಂದೆ ಬರುವವರಿಗೆ ಬಾಯಲ್ಲೇ ಹೇಳುತ್ತೇನೆ. ಬೇರೆ ದರ್ಜಿಯನ್ನು ಹುಡುಕಿಕೊಳ್ಳುವವರು ಹುಡುಕಿಕೊಳ್ಳಲಿ. ನನ್ನ ಮನೆಗೆ ಎಂದೂ ಬರದವರಿಗಾಗಿ ಇದನ್ನು ಬರೆದಿದ್ದೇನೆ. ಗೊತ್ತಿಲ್ಲದವರಿಗೆ ಹೇಳಿ ಎಂದರಲ್ಲ ಮೇಡಂ. ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದದ್ದು ಅಮ್ಮನಿಗೆ. ಅವಳಿಗೆ ಗೊತ್ತಾಗಲೇ ಇಲ್ಲ.