ದಿನಕ್ಕೆ ಐವತ್ತಾರು ಮೆಸೇಜು

ಮನ್ಮಥಪ್ಪನವರನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕೈತೊಳೆದುಕೊಳ್ಳುವ ಉದ್ದೇಶ ನನಗಿಲ್ಲ. ಒಳ್ಳೆಯ ಮಾತು ಅವರಿಗೆ ಬೇಕಾಗಿದ್ದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ.

2010ರ ಮಾತು. ನಾನು ನಾಶಿಕ್‌ನಲ್ಲಿ ನಮ್ಮ ಬ್ಯಾಂಕಿನ ಪ್ರಾದೇಶಿಕ ಕಚೇರಿಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ಗಂಡನೂ ಎಂಟು ವರ್ಷದ ಮಗಳು ರುಚಿತಾಳೂ ಹುಬ್ಬಳ್ಳಿಯಲ್ಲಿದ್ದರು. ತಿಂಗಳಿಗೊಮ್ಮೆ ಮಗಳ ಮುಖ ನೋಡಿ ಬರುತ್ತಿದ್ದೆ, ಬಂದ ಮೇಲೆ ಎರಡು ದಿನ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ನಾಶಿಕ್, ಇಗತಪುರಿ, ಯೇವಲಾ, ಈಗ ಛತ್ರಪತಿ ಸಂಭಾಜಿನಗರ ಎನ್ನುವ ಆಗಿನ ಔರಂಗಾಬಾದ್, ಅದರಾಚೆ ಸಿಲ್ಲೋಡ್, ಹೀಗೆ ಹದಿನಾಲ್ಕು ಶಾಖೆ ನಮ್ಮ ಕೈಕೆಳಗಿದ್ದವು. ಕರೆಂಟು ಹೋದ ಕೂಡಲೇ ಬ್ಯಾಟರಿಯ ಮೇಲೆ ಕಂಪ್ಯೂಟರುಗಳನ್ನು ಹಿಡಿದು ನಿಲ್ಲಿಸುವ ಯುಪಿಎಸ್ ಯಂತ್ರ ಪ್ರತಿ ಶಾಖೆಯಲ್ಲೂ ಒಂದಿತ್ತು. ಮಹಾರಾಷ್ಟ್ರದಲ್ಲಿ ಭಾರನಿಯಮನದ ಕಾಲ ಅದು, ಅಂದರೆ ವೇಳಾಪಟ್ಟಿ ಹಾಕಿ ಕರೆಂಟು ತೆಗೆಯುವ ಕಾಲ. ಬೆಳಿಗ್ಗೆ ಮೂರು ತಾಸು, ಮಧ್ಯಾಹ್ನದ ಮೇಲೆ ಮೂರು ತಾಸು. ಯುಪಿಎಸ್ ನಿಂತರೆ ಬ್ಯಾಂಕು ನಿಂತ ಹಾಗೆ.

ಆ ಹದಿನಾಲ್ಕು ಯಂತ್ರಗಳನ್ನು ಸಾಕುತ್ತಿದ್ದವರು ಮನ್ಮಥಪ್ಪ. ಭಾಲ್ಕಿ ಕಡೆಯವರು, ಐವತ್ಮೂರು ವಯಸ್ಸು, ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ಟೆಸ್ಟರ್. ಯುಪಿಎಸ್ ಕಂಪನಿಯ ನೌಕರರಾದರೂ ನಮ್ಮ ಕಚೇರಿಯ ಮೂಲೆಯಲ್ಲೇ ಅವರಿಗೊಂದು ಸ್ಟೂಲು. ಅದರ ಮೇಲೆ ಅವರು ಕೂತಿದ್ದನ್ನು ನಾನು ನೋಡಿದ್ದೇ ಕಡಿಮೆ. ಬೆಳಿಗ್ಗೆ ಹತ್ತಕ್ಕೆ ಒಂದೊಂದೇ ಶಾಖೆಗೆ ಫೋನು ಮಾಡಿ, "ಫೋನ್ ಜರಾ ಮಷಿನ್ ಹತ್ರ ಹಿಡೀರಿ" ಎಂದು ಹೇಳಿ ಕಣ್ಣು ಮುಚ್ಚಿ ಅದರ ಗುಂಯ್ ಸದ್ದು ಕೇಳುತ್ತಿದ್ದರು. ಸದ್ದು ಸರಿ ಬರಲಿಲ್ಲವೆಂದರೆ ಹನ್ನೊಂದರ ಎಸ್‌ಟಿ ಬಸ್ಸಿನಲ್ಲಿ ಇರುತ್ತಿದ್ದರು. ಸರಿ ಬಂದರೂ ಯಾವುದೋ ಒಂದು ಬಸ್ಸಿನಲ್ಲಿ ಇರುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಒಮ್ಮೆ ಅವರೆದುರೇ, "ನಾಯಿಗೆ ಕೆಲಸ ಇಲ್ಲ, ಕೂಡಲಿಕ್ಕೆ ಪುರಸೊತ್ತಿಲ್ಲ ಅಂದಂಗಾತು ನಿಮ್ಮದು" ಎಂದುಬಿಟ್ಟೆ. ಅವರು ನಕ್ಕರು. ಆ ಇಡೀ ಮರಾಠಿ ಕಚೇರಿಯಲ್ಲಿ ನನ್ನೊಡನೆ ಕನ್ನಡದಲ್ಲಿ ನಗಲು ಇದ್ದವರು ಅವರೊಬ್ಬರೇ.

ಆ ವರ್ಷ ಜೂನ್‌ನಲ್ಲಿ ಹೊಸ ಏರ್ಪಾಡು ಬಂತು. ಪ್ರತಿ ಯುಪಿಎಸ್‌ನೊಳಗೆ ಅಂಗೈಯಗಲದ ಒಂದು ಕಾರ್ಡು ಸಿಕ್ಕಿಸಿ, ಅದಕ್ಕೆ ನೆಟ್‌ವರ್ಕ್ ಕೇಬಲ್ ಜೋಡಿಸಬೇಕು. ಕರೆಂಟು ಹೋಗಿದ್ದು, ಬ್ಯಾಟರಿ ಇಳಿದಿದ್ದು, ಶಾಖ ಏರಿದ್ದು ಎಲ್ಲವೂ ನಾಶಿಕ್‌ನ ಒಂದೇ ಪರದೆಯ ಮೇಲೆ ಬಣ್ಣಗಳಲ್ಲಿ ಕಾಣುತ್ತವೆ. ಜೊತೆಗೆ ಮೊಬೈಲಿಗೆ ಮೆಸೇಜೂ ಬರುತ್ತದೆ. ಕಂಪನಿಯಲ್ಲಿ ನಮ್ಮ ಕೆಲಸಕ್ಕೆಂದು ಮೂವರು ಮೆಕ್ಯಾನಿಕ್‌ಗಳಿದ್ದರು. ಪರದೆ ಬಂದ ಮೇಲೆ ಒಬ್ಬರು ಸಾಕು ಎಂದು ಕಂಪನಿ ಲೆಕ್ಕ ಹಾಕಿತು. ಎರಡು ತಿಂಗಳಲ್ಲಿ ಹದಿನಾಲ್ಕೂ ಕಾರ್ಡು ಕೂಡಿಸಿ ಪರದೆ ನಡೆಸಿ ತೋರಿಸಿದರೆ ಆ ಒಬ್ಬರು ನೀವೇ, ಇಲ್ಲದಿದ್ದರೆ ಮನೆಗೆ ಎಂದು ಮನ್ಮಥಪ್ಪನವರಿಗೆ ಹೇಳಿದರು. ಬೀದರಿನ ಐಟಿಐನಲ್ಲಿ ಎಂಬತ್ತರ ಸುಮಾರಿಗೆ ಕಲಿತವರು ಅವರು. ಕೀಬೋರ್ಡಿನ ಮೇಲೆ ಒಂದೇ ಬೆರಳು ಓಡುತ್ತಿತ್ತು.

ಆ ಎರಡು ತಿಂಗಳು ಅವರು ಪಟ್ಟ ಪಾಡು ನಾನು ಕಂಡಿದ್ದೇನೆ. ಪ್ರತಿ ಕಾರ್ಡಿಗೂ ನೆಟ್‌ವರ್ಕಿನ ಒಂದು ವಿಳಾಸ ಸಂಖ್ಯೆ. ಅದನ್ನು ಡೈರಿಯಲ್ಲಿ ಬರೆದು ತರುತ್ತಿದ್ದರು, ನಾನು ಪರದೆಯ ಪಟ್ಟಿಗೆ ಸೇರಿಸುತ್ತಿದ್ದೆ. ಇಗತಪುರಿಯ ಮಳೆಯಲ್ಲಿ ಡೈರಿ ನೆನೆದು, ಆ ಊರಿನ ಸಂಖ್ಯೆ ಯೇವಲಾದ ಹೆಸರಿಗೂ ಯೇವಲಾದ್ದು ಇಗತಪುರಿಯ ಹೆಸರಿಗೂ ಬಿತ್ತು. ಒಂದು ದಿನ ಪರದೆಯಲ್ಲಿ ಇಗತಪುರಿ ಕೆಂಪಾಯಿತು. ಇವರು ಎದ್ದು ಓಡಿದರು. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಹೋಗಿ ನೋಡಿದರೆ ಅಲ್ಲಿ ಲೈಟುಗಳು ಜಗಜಗ ಉರಿಯುತ್ತಿವೆ. ಕರೆಂಟು ಹೋಗಿ ಬ್ಯಾಟರಿ ಕೈಕೊಟ್ಟಿದ್ದು ಯೇವಲಾದಲ್ಲಿ. ವಾಪಸು ಬಂದು, ಬಟ್ಟೆ ಹಿಂಡುತ್ತಾ, "ಮೇಡಂ, ಪೈಠಣಿ ಸೀರಿ ನೇಯೋ ಯೇವಲಾಕ್ಕ ಹೋಗೋದು ಬಿಟ್ಟು ಛತ್ರಿ ಮಾರೋ ಊರಿಗಿ ಹೋಗಿದ್ದೆ ನೋಡ್ರಿ" ಎಂದರು. ನಾನು ನಕ್ಕೆ, ಅವರು ಡೈರಿ ತೆಗೆದು ಬರೆದ ಸಂಖ್ಯೆಗಳನ್ನೆಲ್ಲ ಮತ್ತೆ ಮೊದಲಿನಿಂದ ತಾಳೆ ನೋಡತೊಡಗಿದರು. ಒಂದು ತಪ್ಪಿಗೆ ಕೆಲಸ ಹೋದೀತೆಂಬ ಭಯ ಅದು.

ಕೆಲಸ ಹೋಗಲಿಲ್ಲ. ಶ್ರಾವಣದ ಹೊತ್ತಿಗೆ ಹದಿನಾಲ್ಕೂ ಸಾಲು ಪರದೆಯ ಮೇಲೆ ಸರಿಯಾಗಿ ನಿಂತವು. ಮೂವರಲ್ಲಿ ಉಳಿದವರು ಮನ್ಮಥಪ್ಪ. ಸ್ಟೂಲು ಹೋಗಿ ಕುರ್ಚಿ ಬಂತು. ಮನೆಯಿಂದ ಒಂದು ಕೌದಿ ಮಡಚಿ ತಂದು ಕುರ್ಚಿಗೆ ಹಾಕಿಕೊಂಡರು. "ಏನ್ರಿ, ಬಾಣಂತನಕ್ಕ ಕೂತಂಗ ಕೂತೀರಲ್ಲ" ಎಂದು ನಾನು ಕಾಡಿಸಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ ಅವರು ಆ ಪರದೆಯ ಮುಂದೆ. ಮೆಸೇಜು ಬಂದಾಗಲೆಲ್ಲ ಅರ್ಧ ಎದ್ದು, ಓದಿ, ಮತ್ತೆ ಕೂರುತ್ತಿದ್ದರು. ಪಾಪ, ಬಸ್ಸಿನ ಮನುಷ್ಯನನ್ನು ಹಿಡಿದು ಕುರ್ಚಿಗೆ ಕಟ್ಟಿಹಾಕಿದರಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ತೊಂದರೆ ಶುರುವಾಗಿದ್ದು ಮೆಸೇಜಿನಿಂದ. ಹದಿನಾಲ್ಕು ಶಾಖೆ, ದಿನಕ್ಕೆರಡು ಸಲ ಭಾರನಿಯಮನ, ಹೋಗಿದ್ದಕ್ಕೊಂದು ಬಂದಿದ್ದಕ್ಕೊಂದು. ಒಟ್ಟು ಐವತ್ತಾರು. ಮನ್ಮಥಪ್ಪನವರಿಗೆ, ನನಗೆ ಮತ್ತು ನಮ್ಮ ಪ್ರಾದೇಶಿಕ ಮ್ಯಾನೇಜರ್ ಅರವಿಂದ ಸಾಹೇಬರಿಗೆ, ಮೂವರಿಗೂ ಐವತ್ತಾರು. ದಸರೆಗೆ ವಾರವಿರುವಾಗ ಮುಂಬಯಿಯಿಂದ ಬಂದ ದೊಡ್ಡವರ ಮುಂದೆ ಸಾಹೇಬರ ಫೋನು ಒಂದೇ ಸಮನೆ ಬಡಿದುಕೊಂಡಿತಂತೆ. ಹೊರಗೆ ಬಂದ ಸಾಹೇಬರು ನನ್ನ ಮೇಲೆ ಕೂಗಾಡಿದರು. ಅದೇ ಬಿಸಿಯಲ್ಲಿ ನಾನು ಮನ್ಮಥಪ್ಪನವರ ಹತ್ತಿರ ಹೋದೆ.

"ಭಾರನಿಯಮನದ ಟೈಮ್‌ಟೇಬಲ್ ಅದರಾಗ ಹಾಕಿಬಿಡ್ರಿ. ಆ ತಾಸಿನಾಗ ಯಾರಿಗೂ ಒಂದು ಮೆಸೇಜ್ ಬರಬಾರದು."

ಅವರು ನನ್ನ ಮುಖ ನೋಡಿದರು. "ಲೈಟ್ ಹೋದ ತಾಸಿನಾಗೇ ಮಷಿನ್ ದುಡಿತದರಿ ಮೇಡಂ. ದುಡಿಯೋ ಹೊತ್ತಿನಾಗೇ ಅದರ ಬಾಯಿ ಕಟ್ಟಿದ್ರ ಹ್ಯಾಂಗ್ರಿ? ಬರೇ ಲೈಟ್ ಹೋಗೋದು ಬರೋದು ಬಂದ್ ಮಾಡಿ, ಬ್ಯಾಟರಿದು, ಶಾಖದ್ದು ಇಡ್ಲಾಕ ಬರ್ತದ. ಒಂದೊಂದು ಬ್ರಾಂಚಿಗಿ ಬ್ಯಾರೆ ಬ್ಯಾರೆ ಮಾಡಬೇಕು. ಎರಡು ದಿನ ಕೊಡ್ರಿ."

"ಎರಡು ದಿನ ಇಲ್ಲ. ಮೂರಕ್ಕ ಮತ್ತ ಮೀಟಿಂಗ್ ಅದ. ಈಗ ಪೂರಾ ಬಂದ್ ಮಾಡ್ರಿ, ಆಮ್ಯಾಲೆ ನೋಡೋಣು."

ಬದಲಾವಣೆ ಮಾಡಿದಾಗ ತುಂಬಬೇಕಾದ ಒಂದು ಫಾರಂ ಇತ್ತು. ಸಹಿ ಕಂಪನಿಯವರದು. "ಯಾರು ಹೇಳ್ಯಾರ ಅಂತ ಇಲ್ಲಿ ಬರೀಬೇಕರಿ" ಎಂದರು ಮನ್ಮಥಪ್ಪ. ಖಾಲಿ ಬಿಡ್ರಿ ಎಂದೆ. ಅವರು ಖಾಲಿ ಬಿಟ್ಟು ಸಹಿ ಮಾಡಿದರು. ಒಂದೂವರೆ ತಾಸಿನಲ್ಲಿ ಕೆಲಸ ಮುಗಿಯಿತು. ಆಮೇಲೆ ಕರೆಂಟಿಲ್ಲದ ಹೊತ್ತಿನಲ್ಲಿ ಆ ಶಾಖೆಯ ಸಾಲು ಪರದೆಯ ಮೇಲೆ ಬೂದಿಯ ಬಣ್ಣಕ್ಕೆ ತಿರುಗಿ ಸುಮ್ಮನಿರುತ್ತಿತ್ತು. ವೇಳೆ ಮುಗಿದ ಮೇಲೆ ಮತ್ತೆ ಹಸಿರು. ಸಾಹೇಬರು ಖುಷಿ. ನನ್ನ ಫೋನೂ ತಣ್ಣಗಾಯಿತು.

ಮನ್ಮಥಪ್ಪ ಮಾತ್ರ ಅಂದಿನಿಂದ ಕೂರುವುದನ್ನು ಬಿಟ್ಟರು. ಎದ್ದು ಕಿಟಕಿಯ ತನಕ ಹೋಗುವುದು, ಬರುವುದು, ಪರದೆ ನೋಡುವುದು, ಮತ್ತೆ ಎದ್ದು ಚಹಾದವನ ತನಕ ಹೋಗುವುದು. ಊಟದ ಡಬ್ಬಿಯ ರೊಟ್ಟಿ ಅರ್ಧ ಹಾಗೇ ವಾಪಸು. ಎರಡು ಸಲ ನನ್ನ ಮೇಜಿನ ಹತ್ತಿರ ಬಂದರು. "ಮೇಡಂ, ಆ ಮೆಸೇಜಿಂದು..." ಎಂದು ತೆಗೆದರು. ದೀಪಾವಳಿ ಆಗಲಿ ಎಂದೆ. ದೀಪಾವಳಿ ಆಯಿತು. ನಾನು ಊರಿಂದ ಬಂದ ಸಿಟ್ಟಿನಲ್ಲಿದ್ದೆ. "ಒಂದು ಜಾಗಾದಾಗ ಕೂಡ್ರಿ ನೋಡೋಣ, ಮನ್ಮಥಪ್ಪನವರ, ನಿಮ್ಮನ್ನ ನೋಡಿ ನನಗ ತಲಿ ತಿರಗತದ" ಎಂದೆ. ಅವರು ಹೋಗಿ ಕೂತರು. ಬಸ್ಸಿಲ್ಲದೆ ಈ ಮನುಷ್ಯನಿಗೆ ಜೀವ ಹೋಗುತ್ತಿದೆ ಎಂದೇ ನಾನು ತಿಳಿದಿದ್ದೆ.

ನವೆಂಬರಿನ ಕೊನೆಯ ವಾರ, ಸಿಲ್ಲೋಡ್. ಹತ್ತಿ ಮಾರಿದ ಹಣ ತೆಗೆಯಲು ಶಾಖೆಯ ತುಂಬಾ ಜನ. ಬೆಳಗಿನ ಭಾರನಿಯಮನದ ನಡುವೆ, ಹನ್ನೊಂದೂವರೆಗೆ, ಯುಪಿಎಸ್ ಕೋಣೆಯಿಂದ ಹೊಗೆ ಬಂತು. ಉಬ್ಬಿಕೊಂಡಿದ್ದ ಒಂದು ಬ್ಯಾಟರಿ ಒಡೆದಿತ್ತು. ಏನಾಯಿತೆಂದು ನೋಡಲು ಒಳಗೆ ಹೋದ ಗುಮಾಸ್ತ ಭುಜಂಗನ ಮುಂಗೈ ಮೇಲೆ ಆಸಿಡ್ ಚೆಲ್ಲಿತು. ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಗೋಡಿದರು. ಅದೃಷ್ಟ, ಯಾರೂ ಸಾಯಲಿಲ್ಲ. ಭುಜಂಗನ ಕೈಯ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು, ಕಲೆ ಉಳಿಯಿತು.

ಕಾರ್ಡು ತನ್ನ ಕೆಲಸ ತಾನು ಮಾಡಿತ್ತು. ಅದರೊಳಗಿನ ದಾಖಲೆ ತೆಗೆದು ನೋಡಿದಾಗ, ಮೂರು ದಿನದಲ್ಲಿ ಒಂಬತ್ತು ಸಲ ಬ್ಯಾಟರಿಯ ಶಾಖ ಮಿತಿ ಮೀರಿದೆ ಎಂದು ಬರೆದಿಟ್ಟಿತ್ತು. ದುಡಿಯುವಾಗ ಕಾಯುವುದು, ಕರೆಂಟು ಬಂದ ಮೇಲೆ ಆರುವುದು. ಒಂಬತ್ತೂ ನಾವು ಬಾಯಿ ಕಟ್ಟಿದ ತಾಸುಗಳಲ್ಲೇ.

ಮರುದಿನ ಅರವಿಂದ ಸಾಹೇಬರ ಕೋಣೆಯಲ್ಲಿ ನಾವು ನಾಲ್ವರಿದ್ದೆವು: ಸಾಹೇಬರು, ಕಂಪನಿಯ ಒಬ್ಬರು, ಮನ್ಮಥಪ್ಪ ಮತ್ತು ನಾನು. ಮೇಜಿನ ಮೇಲೆ ಆ ಫಾರಂ. ಅದರ ಪಕ್ಕದ ಟ್ರೇಯಲ್ಲಿ ಹುಬ್ಬಳ್ಳಿಗೆ ವರ್ಗ ಕೋರಿದ ನನ್ನ ಅರ್ಜಿ, ಸಾಹೇಬರ ಶಿಫಾರಸಿಗೆ ಕಾಯುತ್ತಾ ಬಿದ್ದಿತ್ತು. ಮೆಸೇಜು ಬಂದ್ ಮಾಡಿದ್ದು ಯಾರು ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ತಮ್ಮ ಫೋನಿನ ಗದ್ದಲ ಅವರಿಗೆ ಮರೆತೇಹೋಗಿತ್ತೋ, ಮರೆಯಬೇಕಾಗಿತ್ತೋ.

"ಮೀ ಕೇಲಂ, ಸಾಹೇಬ" ಎಂದರು ಮನ್ಮಥಪ್ಪ. ನಾನೇ ಮಾಡಿದ್ದು.

"ಯಾರಾದರೂ ಹೇಳಿದ್ದರೇ?"

ಅವರು ನನ್ನ ಕಡೆ ತಿರುಗಲಿಲ್ಲ. ತಿರುಗಿದ್ದರೆ ನಾನು ಹೇಳುತ್ತಿದ್ದೆನೋ ಏನೋ. ಫಾರಂ ನೋಡುತ್ತಲೇ ಇಲ್ಲವೆಂದು ತಲೆಯಾಡಿಸಿದರು. ನಾನು ಎದುರಿನ ಗೋಡೆಯ ಕ್ಯಾಲೆಂಡರು ಓದುತ್ತಾ ಕೂತೆ. ಹೆದರಿದ್ದೆ, ನಾಚಿಕೆಯಿಲ್ಲದೆ ಹೆದರಿದ್ದೆ. ಐದು ನಿಮಿಷದಲ್ಲಿ ಅವರ ಕೆಲಸ ಹೋಯಿತು. ಕೌದಿ ಮಡಚಿಕೊಂಡು, "ಬರ್ತೀನ್ರಿ ಮೇಡಂ" ಎಂದು ಎಂದಿನಂತೆ ಹೇಳಿ ಹೊರಟರು.

ಜನವರಿಯಲ್ಲಿ ನನ್ನ ವರ್ಗಾವಣೆ ಬಂತು. ಆ ಎರಡು ತಿಂಗಳು ನನಗೆ ನಾನೇ ಒಂದು ಕತೆ ಹೇಳಿಕೊಂಡು ದಿನ ನೂಕಿದ್ದೆ. ಕುರ್ಚಿ ಅವರಿಗೆ ಜೈಲಾಗಿತ್ತು, ತಪ್ಪನ್ನು ಮೈಮೇಲೆ ಎಳೆದುಕೊಂಡು ಬಿಡಿಸಿಕೊಂಡು ಹೋದರು, ಈಗ ಎಲ್ಲೋ ಬಸ್ಸಿನಲ್ಲಿ ಹಾಯಾಗಿದ್ದಾರೆ ಎಂಬ ಕತೆ. ಹೊರಡುವ ಹಿಂದಿನ ದಿನ ಅದನ್ನು ಖಾತ್ರಿ ಮಾಡಿಕೊಳ್ಳಲೆಂದೇ ಸಿಡ್ಕೋ ಕಾಲೊನಿಯಲ್ಲಿದ್ದ ಅವರ ಮನೆಗೆ ಹೋದೆ.

ಅವರ ಹೆಂಡತಿ ನಾಗಮ್ಮ ಒಬ್ಬರೇ ಇದ್ದರು. ನೀರು ಕೊಟ್ಟು ಕೂರಿಸಿದರು. ಮನ್ಮಥಪ್ಪ ಯೇವಲಾದ ಅಂಗಡಿಗಳಲ್ಲಿ ಇನ್ವರ್ಟರ್ ರಿಪೇರಿ ಮಾಡಲು ಹೋಗಿದ್ದಾರೆ, ದಿನಾ ಹೋಗುತ್ತಾರೆ ಎಂದರು.

"ಹೋಗಲಿ ಬಿಡ್ರಿ, ಅವರಿಗೆ ತಿರುಗೋದಂದ್ರ ಸೇರತದ" ಎಂದೆ. "ಕುರ್ಚಿ ಮ್ಯಾಲ ಕೂಡೋದು ಅವರಿಗೆ ಆಗ್ತಿದ್ದಿಲ್ಲ."

ನಾಗಮ್ಮ ನನ್ನನ್ನು ದಿಟ್ಟಿಸಿ ನೋಡಿದರು. "ಯಾರು ಹೇಳಿದ್ರಿ ನಿಮಗ? ಲಗ್ನ ಆಗಿ ಇಪ್ಪತ್ತೆಂಟು ವರ್ಷ ಆಯ್ತು. ಎಲ್ಲಿ ಯಾವ ಮಷಿನ್ ನಿಂತದೋ ಅಂತ ಈ ಮನುಷ್ಯ ಒಂದು ದಿನ ಕಣ್ತುಂಬ ನಿದ್ದಿ ಮಾಡಿಲ್ಲ. ಅದಕ್ಕೇ ಊರೂರು ಓಡ್ತಿದ್ರು, ಓಡೋದು ಸೇರಿ ಅಲ್ಲ. ಆ ಮೆಸೇಜ್ ಬರ್ಲಾಕ ಚಾಲೂ ಆದ ಮ್ಯಾಲೆ, ಶ್ರಾವಣ ಹಿಡಿದು ದಸರಾ ತನಕ, ಮಲಗಿದ್ರಿ. ಏನಾರ ಆದ್ರ ಅದೇ ಎಬ್ಬಸ್ತದ ಅಂತಿದ್ರು. ಫೋನ್ ತಲಿದಿಂಬಿನ ಬಾಜೂಕ ಇಟ್ಕೊಂಡು ಸಣ್ಣ ಕೂಸಿನಂಗ ಮಲಗ್ತಿದ್ರು. ದಸರಾ ಮುಂದ ಹಗಲಿಂದು ಬಂದ್ ಆಯ್ತು, ಹಗಲು ಯಾವ ಮಷಿನಿಗಿ ಏನಾಗ್ಯದೋ ಅಂತ ಇವರು ರಾತ್ರಿ ಮತ್ತ ಎದ್ದು ಕೂತ್ರು."

ಈ ಸಲ ಹೇಳಿಬಿಟ್ಟೆ. "ಬಂದ್ ಮಾಡ್ಸಿದಾಕಿ ನಾನು, ನಾಗಮ್ಮನವರ."

"ಗೊತ್ತದರಿ. ಹೇಳ್ಯಾರ. ಮೇಡಂ ಕೂಸು ಹುಬ್ಬಳ್ಳಿಯಾಗ ಅದ, ಆಕಿ ಹೋಗ್ಲಿ ಅಂದ್ರು." ಖಾಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು ಎದ್ದು ನಿಂತರು. "ಅವರು ಹಂಗಂದ್ರು. ನಾ ಅನ್ನಂಗಿಲ್ಲ."

ಅಲ್ಲಿಂದ ಕಚೇರಿ ಎರಡು ಕಿಲೋಮೀಟರು. ಐದು ಗಂಟೆಯಾಗಿತ್ತು, ಅರವಿಂದ ಸಾಹೇಬರು ಕೋಣೆಯಲ್ಲೇ ಇರುತ್ತಿದ್ದರು. ನಾನು ರೂಮಿಗೆ ಹೋಗಿ ಸಾಮಾನು ಕಟ್ಟಿದೆ, ಮರುದಿನ ಬೆಳಿಗ್ಗೆ ಹುಬ್ಬಳ್ಳಿಗೆಂದು ಪುಣೆಯ ಬಸ್ಸು ಹತ್ತಿದೆ.